ಪತಂಗ ನೋಡಲು ಬಿಳಿ ಪರದೆಯೋ, ಬೆಲ್ಲದ ಪಾಕವೋ?

ಮೂಡಿಗೆರೆ, ಸಕಲೇಶಪುರದ ತೋಟದಂಚಿನಲ್ಲಿ ಬಗೆಬಗೆಯ ಪತಂಗ ಬೇಕಿದ್ದರೆ ಬಿಳಿ ಹತ್ತಿಬಟ್ಟೆ ಕಟ್ಟಿ, 160 ವ್ಯಾಟಿನ ಮರ್ಕ್ಯುರಿ ಬಲ್ಬು ಹಚ್ಚಿ. ಅಮಾವಾಸ್ಯೆಯ ಆಸುಪಾಸೇ ಸರಿ. ಬೆಳದಿಂಗಳಲ್ಲಿ ಬರುವುದು ಕಡಿಮೆ. ಒಂಬತ್ತಕ್ಕೇ ದೀಪ ಆರಿಸಬೇಡಿ, ಅಟ್ಲಾಸ್‌ನಂಥ ದೊಡ್ಡವು ಹೆಚ್ಚಾಗಿ ತಡರಾತ್ರಿಯ ಅತಿಥಿಗಳು. ಕಾದ ಬಲ್ಬಿಗೆ ಮಳೆಹನಿ ಬಿದ್ದರೆ ಗಾಜು ಸಿಡಿಯುತ್ತದೆ, ಮೇಲೊಂದು ಮರೆ ಇರಲಿ.

ಕರೆಂಟಿಲ್ಲದ ಕಡೆ ಪಾಕ. ಅರ್ಧ ಕೆಜಿ ಬೆಲ್ಲಕ್ಕೆ ನಾಲ್ಕು ಕಳಿತ ಬಾಳೆಹಣ್ಣು ಕಿವುಚಿ, ಎರಡು ದಿನ ಹುಳಿ ಬರಿಸಿ, ಮುಸ್ಸಂಜೆ ಮರದ ಕಾಂಡಕ್ಕೆ ಎದೆಯೆತ್ತರದಲ್ಲಿ ಬಳಿಯಿರಿ. ಹಣ್ಣಿನ ರಸ ಹೀರುವ ಪತಂಗಗಳಿಗೆ ಇದೇ ವಾಸಿ. ಅಟ್ಲಾಸ್ ಮಾತ್ರ ಇತ್ತ ಸುಳಿಯದು, ಅದಕ್ಕೆ ಉಣ್ಣುವ ಬಾಯಿಯೇ ಇಲ್ಲವಲ್ಲ! ಚಗಳಿ ಇರುವೆ ಇರುವ ಮರ ಬಿಟ್ಟುಬಿಡಿ. ಜೋರು ಮಳೆ ಬಂದರೆ ಪಾಕ ತೊಳೆದುಹೋಗುತ್ತದೆ, ಮತ್ತೆ ಬಳಿಯಬೇಕು.