ನೀಲಿ ಕಾಡು ಉತ್ತರಾಣಿಯೋ, ಗುಲಾಬಿಯೋ? ಎರಡನ್ನೂ ನೆಟ್ಟು ನೋಡಿದೆ

ಚಿಟ್ಟೆ ಬರಲಿ ಅಂತ ಮೂರು ಮಳೆಗಾಲದ ಹಿಂದೆ ಪುತ್ತೂರಿನ ನಮ್ಮ ಮನೆಯ ಕಂಪೌಂಡಿನ ಬದಿಗೆ ಎರಡು ಗಿಡ ನೆಟ್ಟೆ. ಒಂದು ನೀಲಿ ಹೂವಿನ ಕಾಡು ಉತ್ತರಾಣಿ, ಅಂದರೆ ಸ್ಟ್ಯಾಕಿಟಾರ್ಫೆಟಾ ಜಮೈಸೆನ್ಸಿಸ್. ಇನ್ನೊಂದು ಅದರ ದಾಯಾದಿ, ಗುಲಾಬಿ ಬಣ್ಣದ ಹೂವಿನ ಸ್ಟ್ಯಾಕಿಟಾರ್ಫೆಟಾ ಮ್ಯುಟಾಬಿಲಿಸ್. ಎರಡೂ ಅಮೆರಿಕದ ಬಿಸಿ ನಾಡುಗಳ ಗಿಡಗಳೇ, ಲಂಟಾನದ ಹಾಗೆ ವರ್ಬೆನಾ ಕುಟುಂಬದವು. ಹೆಸರಲ್ಲಿ ಉತ್ತರಾಣಿ ಇದೆ ಅಂತ ಗಣಪತಿ ಪೂಜೆಯ ಪತ್ರೆಗೆ ಕಿತ್ತುಕೊಂಡು ಹೋಗಬೇಡಿ, ಆ ಉತ್ತರಾಣಿ ಹರಿವೆ ಸೊಪ್ಪಿನ ಕಡೆಯದು. ಅದರ ಕಾಳು ಪಂಚೆಗೆ ಅಂಟುತ್ತದೆ, ಇದರದು ಅಂಟುವುದಿಲ್ಲ.

ಚೆಂದ ಕೇಳಿದರೆ ಗುಲಾಬಿಯೇ. ಆಳೆತ್ತರದ ಪೊದೆ, ಹೂ ಅರಳುವಾಗ ಕೆಂಪು, ಆಮೇಲೆ ಬಣ್ಣ ಮಾಸಿ ಗುಲಾಬಿ. ಎಲೆ ಮಾತ್ರ ಒರಟು. ನೀಲಿ ಗಿಡ ಸೊಂಟದ ಮಟ್ಟ ಬೆಳೆದು ಇಲಿ ಬಾಲದಂಥ ಉದ್ದ ಕಡ್ಡಿ ಬಿಡುತ್ತದೆ, ಆ ಕಡ್ಡಿಯಲ್ಲಿ ಒಂದು ಸಲಕ್ಕೆ ನಾಲ್ಕೈದು ಹೂ, ಅದೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಊಟದ ಹೊತ್ತಿಗೆ ನೆಲಕ್ಕೆ. ಇಷ್ಟಕ್ಕೇನಾ ನೆಟ್ಟಿದ್ದು ಅನಿಸಿತ್ತು.

ಆದರೆ ಚಿಟ್ಟೆಗಳ ಲೆಕ್ಕ ಬೇರೆಯೇ! ಬೆಳಿಗ್ಗೆ ಒಂಬತ್ತಕ್ಕೆ ಜಗಲಿಯಲ್ಲಿ ಚಹಾ ಹಿಡಿದು ಕೂತರೆ ನೀಲಿಯ ಮೇಲೆ ಬ್ಲೂ ಟೈಗರ್, ಕ್ರಿಮ್ಸನ್ ರೋಸ್, ಜೊತೆಗೆ ಹೆಸರು ಗೊತ್ತಿಲ್ಲದ ಪುಟಾಣಿ ಕಂದು ಚಿಟ್ಟೆಗಳು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಸುಮ್ನೆ ಹಾರುತ್ತಾ ಇರುತ್ತವೆ. ಗುಲಾಬಿಗೆ ಅಷ್ಟು ಜನ ಇಲ್ಲ. ಅಲ್ಲಿ ಸೂರಕ್ಕಿಯದೇ ಕಾರುಬಾರು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮಾತ್ರ ಎರಡಕ್ಕೂ ಬಂದಿದೆ. ಅದು ರೆಕ್ಕೆ ಬಡಿಯುತ್ತಲೇ ಹೀರುತ್ತದೆ, ಫೋಟೋ ಸಿಗುವುದು ಕಷ್ಟ.

ನೀಲಿಯ ಕೆಟ್ಟ ಗುಣ ಬೀಜ. ಒಣಗಿದ ಕಡ್ಡಿಯೊಳಗೆ ಸಾಲಾಗಿ ಕೂತಿರುತ್ತದೆ. ಮೊದಲ ವರ್ಷ ಕತ್ತರಿಸದೆ ಬಿಟ್ಟೆ, ಮುಂದಿನ ಜೂನ್‌ನಲ್ಲಿ ಅಂಗಳದ ಕಲ್ಲಿನ ಸಂದಿಯಲ್ಲೂ ಸಸಿ. ಅಮ್ಮ ಕೀಳುತ್ತಾ ಬೈದದ್ದು ಇನ್ನೂ ಕಿವಿಯಲ್ಲಿದೆ. ಗುಲಾಬಿಯಿಂದ ನಮ್ಮಲ್ಲಿ ಆ ತಲೆನೋವು ಬಂದಿಲ್ಲ, ಬೇಕಾದಾಗ ನಾವೇ ಗೆಲ್ಲು ಕಡಿದು ನೆಡುತ್ತೇವೆ.

ಒಂದೇ ಗಿಡಕ್ಕೆ ಜಾಗ ಇದ್ದರೆ ನಾನು ನೀಲಿಯನ್ನೇ ನೆಡುತ್ತೇನೆ, ಆದರೆ ಕುಂಡದಲ್ಲಿ. ಕಡ್ಡಿಯ ತುದಿಯ ಹೂ ಮುಗಿದ ಕೂಡಲೇ ಕತ್ತರಿ ಹಾಕಬೇಕು. ಕಾಡಿನ ಅಂಚಲ್ಲಿ ಮನೆ ಇರುವವರು ಅದನ್ನು ಮುಟ್ಟದೆ ಗುಲಾಬಿಯ ಗೆಲ್ಲು ತಗೊಳ್ಳಿ. ನಮ್ಮಲ್ಲಿಗೆ ಬಂದರೆ ಕೊಡುತ್ತೇನೆ, ಮಳೆ ಹಿಡಿದ ಮೇಲೆ ಬನ್ನಿ.