ಗಡಿಯಾರ ನೋಡಿಕೊಂಡು ಆಡುವ ಆಟ: ಪೋಕೆಮಾನ್ ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್ ಬಹುಕಾಲದ ಬಳಕೆಯ ನಂತರ

ಹತ್ತು ದಿನದಲ್ಲಿ ಮುಗಿಸಿಬಿಡೋಣ ಎಂದು ಕೂತವರಿಗೆ ಈ ಆಟ ಎಳೆದಂತೆ, ಕೆಲವು ಕಡೆ ಅನ್ಯಾಯ ಮಾಡಿದಂತೆ ಅನ್ನಿಸುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಆರು ತಿಂಗಳು ಆಡುವವರಿಗೆ ಇಷ್ಟು ತುಂಬಿ ಕೊಡುವ ಪೋಕೆಮಾನ್ ಆಟ ಇನ್ನೊಂದು ಸಿಗುವುದು ಕಷ್ಟ. ಇದರ ಗುಣಕ್ಕೂ ದೋಷಕ್ಕೂ ಬೇರು ಒಂದೇ. ಆಟವೆಲ್ಲ ಡಿಎಸ್ ಯಂತ್ರದ ಗಡಿಯಾರಕ್ಕೆ ಕಟ್ಟಿಬಿದ್ದಿದೆ.

1999ರಲ್ಲಿ ಗೇಮ್ ಬಾಯ್ ಕಲರ್‌ಗೆ ಬಂದ ಗೋಲ್ಡ್, ಸಿಲ್ವರ್ ಆಟಗಳನ್ನು ಗೇಮ್ ಫ್ರೀಕ್ ಸಂಸ್ಥೆ ನಿಂಟೆಂಡೊ ಡಿಎಸ್‌ಗಾಗಿ ಮತ್ತೆ ಕಟ್ಟಿತು. ಜಪಾನಿನಲ್ಲಿ 2009ರ ಸೆಪ್ಟೆಂಬರ್, ಅಮೆರಿಕ ಮತ್ತು ಯುರೋಪಿನಲ್ಲಿ 2010ರ ಮಾರ್ಚ್ ತಿಂಗಳಲ್ಲಿ ಬಿಡುಗಡೆಯಾಯಿತು. ಆಟದೊಳಗಿನ ಜೊಹ್ತೊ ಸೀಮೆಯ 8 ಜಿಮ್ (ನಾಯಕನನ್ನು ಸೋಲಿಸಿ ಬ್ಯಾಡ್ಜ್ ಗೆಲ್ಲುವ ತಾಣ), ಲೀಗ್ ಎಂಬ ಕೊನೆಯ ಸರಣಿ ಕದನ ಗೆದ್ದ ಮೇಲೆ ಕಾಂಟೊ ಸೀಮೆಯ ಇನ್ನೂ 8 ಜಿಮ್, ಒಟ್ಟು 16 ಬ್ಯಾಡ್ಜ್. ಅಲ್ಲಿಯವರೆಗಿನ 493 ಪೋಕೆಮಾನ್‌ಗಳೂ ಇದರಲ್ಲಿವೆ.

ಗಡಿಯಾರದ ವಿಷಯಕ್ಕೆ ಬರೋಣ. ಬೆಳಿಗ್ಗೆ 4ರಿಂದ 10, ಅಲ್ಲಿಂದ ರಾತ್ರಿ 8, ಆಮೇಲೆ ಮತ್ತೆ ಬೆಳಗಿನ 4. ದಿನ ಹೀಗೆ ಮೂರು ಭಾಗ. ಹೂಟ್‌ಹೂಟ್ ಎಂಬ ಪೋಕೆಮಾನ್ ಬೇಕಾದರೆ ರಾತ್ರಿಯೇ ಹುಲ್ಲಿಗೆ ಇಳಿಯಬೇಕು. ನ್ಯಾಷನಲ್ ಪಾರ್ಕಿನ ಹುಳು ಹಿಡಿಯುವ ಸ್ಪರ್ಧೆ ಮಂಗಳವಾರ, ಗುರುವಾರ, ಶನಿವಾರ ಮಾತ್ರ. ಅಝೇಲಿಯಾ ಊರಿನ ಕರ್ಟ್ ತಾತನಿಗೆ ಏಪ್ರಿಕಾರ್ನ್ ಕಾಯಿ ಕೊಟ್ಟರೆ ಪೋಕೆಮಾನ್ ಹಿಡಿಯುವ ಚೆಂಡು ಸಿಗುವುದು ಮರುದಿನ. ಯೂನಿಯನ್ ಗುಹೆಯ ತಳಮಹಡಿಯ ನೀರಿನಲ್ಲಿ ಲೆವೆಲ್ 20ರ ಲ್ಯಾಪ್ರಸ್ ಕಾಣಿಸಿಕೊಳ್ಳುವುದು ಶುಕ್ರವಾರ ಮಾತ್ರ.

ಈ ಲ್ಯಾಪ್ರಸ್ ಒಂದನ್ನೇ ಹತ್ತಿರದಿಂದ ನೋಡಿದರೆ ಇಡೀ ಆಟದ ಸ್ವಭಾವ ತಿಳಿಯುತ್ತದೆ. ಅಲ್ಲಿಗೆ ಹೋಗಲು ಸರ್ಫ್, ಅಂದರೆ ಪೋಕೆಮಾನ್ ಬೆನ್ನೇರಿ ನೀರು ದಾಟುವ ವಿದ್ಯೆ ಬೇಕು. ಸರ್ಫ್ ಬಳಸಲು ಎಕ್ರುಟೀಕ್ ಊರಿನ ಜಿಮ್ ನಾಯಕ ಮಾರ್ಟಿಯನ್ನು ಸೋಲಿಸಿರಬೇಕು. ಅಷ್ಟಾದ ಮೇಲೆ ಒಂದು ಶುಕ್ರವಾರ ಗುಹೆಗೆ ಇಳಿದರೆ ನೀರಿನ ನಡುವೆ ಅದು ಒಂಟಿಯಾಗಿ ಸುತ್ತುತ್ತಿರುತ್ತದೆ. ಹಿಡಿದು ಸಾಕಿದರೆ ಲೆವೆಲ್ 32ಕ್ಕೆ ಐಸ್ ಬೀಮ್ ಎಂಬ ಹಿಮದ ಏಟು ಕಲಿಯುತ್ತದೆ. ಬ್ಲ್ಯಾಕ್‌ಥಾರ್ನ್‌ ಊರಿನ ಜಿಮ್ ನಾಯಕಿ ಕ್ಲೇರ್ ಮುಂದೆ, ಲೀಗಿನ ಕೊನೆಯಲ್ಲಿ ಮೂರು ಡ್ರಾಗನೈಟ್ ಇಟ್ಟುಕೊಂಡು ನಿಂತಿರುವ ಲ್ಯಾನ್ಸ್ ಮುಂದೆ ಇದಕ್ಕಿಂತ ಒಳ್ಳೆಯ ಆಯುಧವಿಲ್ಲ. ಶುಕ್ರವಾರ ತಪ್ಪಿದವರಿಗೆ ಉಳಿಯುವ ದಾರಿ, ಗೋಲ್ಡನ್‌ರಾಡ್ ಗೇಮ್ ಕಾರ್ನರ್‌ನಲ್ಲಿ 10,000 ನಾಣ್ಯ ಕೂಡಿಸಿ ಐಸ್ ಬೀಮ್ ಟಿಎಂ (ಪೋಕೆಮಾನ್‌ಗೆ ಏಟು ಕಲಿಸುವ ಯಂತ್ರ) ಕೊಳ್ಳುವುದು. ಈ ಆಟದಲ್ಲಿ ಒಂದು ಟಿಎಂ ಒಂದೇ ಸಲಕ್ಕೆ ಖರ್ಚಾಗಿಹೋಗುತ್ತದೆ ಎನ್ನುವುದನ್ನು ಮರೆಯಬೇಡಿ.

ಡಿಎಸ್ ಗಡಿಯಾರವನ್ನೇ ಮುಂದೆ ತಿರುಗಿಸಿದರೆ ಆಯಿತಲ್ಲ ಎಂದು ಯೋಚಿಸುವವರಿಗೆ ಒಂದು ಎಚ್ಚರಿಕೆ. ಆಟ ಅದನ್ನು ಪತ್ತೆ ಹಚ್ಚುತ್ತದೆ, ದಿನಕ್ಕೊಮ್ಮೆ ಆಗುವ ಕೆಲಸಗಳನ್ನು 24 ಗಂಟೆ ತಡೆಹಿಡಿಯುತ್ತದೆ. ಅವಸರ ಮಾಡಿದಷ್ಟೂ ತಡ.

ಈ ಆಟಕ್ಕೆ ಜನ ಇಂದಿಗೂ ಪ್ರೀತಿ ಇಟ್ಟುಕೊಂಡಿರುವುದಕ್ಕೆ ದೊಡ್ಡ ಕಾರಣ ಬೆನ್ನ ಹಿಂದೆ ನಡೆದುಬರುವ ಪೋಕೆಮಾನ್. ತಂಡದಲ್ಲಿ ಮೊದಲು ಇಟ್ಟದ್ದು ಯಾವುದಾದರೂ ಸರಿ, ಅದು ಹೊರಗೆ ಬಂದು ನಿಮ್ಮ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ. ತಿರುಗಿ ಎ ಬಟನ್ ಒತ್ತಿದರೆ ಅದರ ಮನಸ್ಥಿತಿ ತಿಳಿಯುತ್ತದೆ. ಅಕ್ಕರೆ ಬೆಳೆದಂತೆ ಉತ್ತರವೂ ಬದಲಾಗುತ್ತದೆ, ಹಾಗಾಗಿ ಅಕ್ಕರೆಯಿಂದ ವಿಕಾಸವಾಗುವ ಟೋಗೆಪಿ, ಈವೀ ಸಾಕುವವರಿಗೆ ಇದೇ ಅಳತೆಗೋಲು. ಸ್ಟೀಲಿಕ್ಸ್‌ನಂತಹ ಭಾರಿ ಗಾತ್ರದವು ಮನೆಯೊಳಗೆ ಬಾರದೆ ಹೊರಗೇ ಉಳಿಯುತ್ತವೆ. ಇಷ್ಟು ಸಣ್ಣ ವಿಷಯಕ್ಕೂ ತಲೆ ಓಡಿಸಿದ್ದಾರೆ. ತಂಡ ಎನ್ನುವುದು ಇಲ್ಲಿ ಅಂಕಿಗಳ ಪಟ್ಟಿಯಾಗಿ ಉಳಿಯದೆ ಜೊತೆಗಾರರಾಗುವುದು ಈ ಒಂದು ಏರ್ಪಾಟಿನಿಂದ.

ಎರಡನೆಯ ಮೆಚ್ಚುಗೆ ಕೆಳಗಿನ ಪರದೆಗೆ. ಚೀಲ, ತಂಡ, ಪೋಕೆಡೆಕ್ಸ್ (ಪೋಕೆಮಾನ್‌ಗಳ ದಾಖಲೆ ಪುಸ್ತಕ), ಸೇವ್ ಎಲ್ಲ ಸದಾ ಬೆರಳ ತುದಿಯಲ್ಲಿ. ಓಡುವ ಬೂಟನ್ನು ಒಮ್ಮೆ ಮುಟ್ಟಿ ಆನ್ ಮಾಡಿಟ್ಟರೆ ಬಿ ಬಟನ್ ಒತ್ತಿಹಿಡಿಯುವ ಕಾಟವಿಲ್ಲ. ಸೈಕಲ್ ಮತ್ತು ಗಾಳ ಎರಡನ್ನೂ ಪರದೆಯ ಮೇಲೆ ಇಟ್ಟುಕೊಳ್ಳಬಹುದು. ಇದಾದ ಮೇಲೆ ಬಂದ ಎಷ್ಟೋ ಪೋಕೆಮಾನ್ ಆಟಗಳಲ್ಲಿ ಈ ಸೌಕರ್ಯ ಇಲ್ಲ. ಆದರೆ ಸೇವ್ ಮಾಡುವಾಗ ಆಗುವ ತಡ, ಕದನದಲ್ಲಿ ಜೀವದ ಪಟ್ಟಿ ಮೆಲ್ಲಗೆ ಇಳಿಯುವುದು, ಸರ್ಫ್ ಮಾಡುವಾಗಿನ ಆಮೆವೇಗ ಎಷ್ಟು ವರ್ಷ ಆಡಿದರೂ ಅಭ್ಯಾಸವಾಗುವುದಿಲ್ಲ.

ಹೊಸಬರು ಮೊದಲು ಮುಗ್ಗರಿಸುವುದು ಗೋಲ್ಡನ್‌ರಾಡ್ ಜಿಮ್ಮಿನ ವಿಟ್ನಿ ಹತ್ತಿರ. ಅವಳ ಮಿಲ್‌ಟ್ಯಾಂಕ್ ಲೆವೆಲ್ 19. ರೋಲ್‌ಔಟ್ ಏಟಿನ ಬಲ 30ರಿಂದ ಶುರುವಾಗಿ ಪ್ರತಿ ಸರದಿಗೂ ಇಮ್ಮಡಿಯಾಗುತ್ತ ಐದನೆಯದಕ್ಕೆ 480 ಮುಟ್ಟುತ್ತದೆ. ಗಂಡು ಪೋಕೆಮಾನ್ ಇಳಿಸಿದರೆ ಅಟ್ರ್ಯಾಕ್ಟ್ ಹಾಕಿ ಕೈಕಟ್ಟುತ್ತದೆ. ಸಾಯುವ ಹೊತ್ತಿಗೆ ಮಿಲ್ಕ್ ಡ್ರಿಂಕ್ ಕುಡಿದು ಅರ್ಧ ಜೀವ ತುಂಬಿಕೊಳ್ಳುತ್ತದೆ. ಲಮ್ ಬೆರ್ರಿ ಹಿಡಿದಿರುವುದರಿಂದ ಮೊದಲ ಸಲ ಹಾಕಿದ ನಿದ್ದೆ, ಲಕ್ವ ವ್ಯರ್ಥ. ಭೂತದ ಜಾತಿಯ ಗ್ಯಾಸ್ಟ್ಲಿಗೆ ಏಟು ತಾಗದು ಎಂದು ನಂಬಿ ಹೋದರೆ ಅದರ ಸ್ಕ್ರ್ಯಾಪಿ ಗುಣ ಆ ಲೆಕ್ಕವನ್ನೂ ಕೆಡಿಸುತ್ತದೆ. ಹಾಗಾಗಿ ಬಲವೊಂದನ್ನೇ ನೆಚ್ಚಿಕೊಂಡು ಹೋದವರು ಸೋಲುತ್ತಾರೆ.

ದಾರಿ ಊರಲ್ಲೇ ಇದೆ. 34ನೇ ದಾರಿಯಲ್ಲಿ ಡ್ರೌಜಿ ಹಿಡಿದು, ಗೋಲ್ಡನ್‌ರಾಡ್ ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿರುವವನಿಗೆ ಕೊಟ್ಟರೆ ಮಚಾಪ್ ಸಿಗುತ್ತದೆ. ಕಾದಾಟದ ಜಾತಿಗೆ ರೋಲ್‌ಔಟ್ ಅರ್ಧ ಏಟಷ್ಟೆ, ಅದರ ಕರಾಟೆ ಚಾಪ್ ಮಿಲ್‌ಟ್ಯಾಂಕ್‌ಗೆ ಇಮ್ಮಡಿ. ಬದಲಿ ಪಡೆದ ಪೋಕೆಮಾನ್‌ಗೆ ಅನುಭವವೂ ಬೇಗ ಏರುತ್ತದೆ. ಅದಿಲ್ಲದಿದ್ದರೆ ಹೆಣ್ಣು ಜಿಯೋಡ್ಯೂಡ್ ಸಾಕು: ನೆಲದ ಜಾತಿ ಸೇರಿರುವುದರಿಂದ ರೋಲ್‌ಔಟ್ ತಡೆಯುತ್ತದೆ, ಹೆಣ್ಣಾದ್ದರಿಂದ ಅಟ್ರ್ಯಾಕ್ಟ್ ನಾಟುವುದಿಲ್ಲ. ಕಷ್ಟವಾದ ಎದುರಾಳಿ, ಅದೇ ಊರಿನಲ್ಲಿ ಪರಿಹಾರ. ಇದನ್ನು ಒಳ್ಳೆಯ ವಿನ್ಯಾಸ ಎಂದೇ ಹೇಳಬೇಕು.

ಆರಂಭದಲ್ಲಿ ಆರಿಸಲು ಕೊಡುವ ಮೂರು ಪೋಕೆಮಾನ್‌ಗಳಲ್ಲಿ ಗಿಡದ ಜಾತಿಯ ಚಿಕೊರೀಟಾ ಆರಿಸಿಕೊಂಡವರು ಕಷ್ಟಕ್ಕೆ ತಯಾರಾಗಿರಬೇಕು. ಮೊದಲ ಜಿಮ್ ಹಕ್ಕಿಗಳದು, ಎರಡನೆಯದು ಹುಳುಗಳದು, ಎರಡೂ ಗಿಡದ ಜಾತಿಯನ್ನು ತಿಂದುಹಾಕುತ್ತವೆ. 32ನೇ ದಾರಿಯಲ್ಲಿ ಸಿಗುವ ಮರೀಪ್ ಯಾರಿಗಾದರೂ ಕೊನೆಯವರೆಗೆ ಉಪಯೋಗಕ್ಕೆ ಬರುತ್ತದೆ. ರೇಜ್ ಕೆರೆಯ ಲೆವೆಲ್ 30ರ ಕೆಂಪು ಗ್ಯಾರಡೋಸ್ ಹಿಡಿಯಿರಿ, ಅಲ್ಲಿ ಸಿಗುವ ಕೆಂಪು ಹುರುಪೆಯನ್ನು ಮಿಸ್ಟರ್ ಪೋಕೆಮಾನ್ ಎಂಬಾತನಿಗೆ ಕೊಟ್ಟು, ಕಾದಾಡದ ಪೋಕೆಮಾನ್‌ಗೂ ಅನುಭವ ಹಂಚುವ ಎಕ್ಸ್‌ಪಿ ಶೇರ್ ಪಡೆಯಿರಿ. ಎಷ್ಟೋ ಜನ ಈ ಹುರುಪೆಯನ್ನು ಚೀಲದಲ್ಲೇ ಮರೆತು ಲೀಗಿನವರೆಗೆ ಹೋಗಿಬಿಡುತ್ತಾರೆ.

ಮರೆಯಬಾರದೆಂದು ಇದನ್ನು ಒತ್ತಿ ಹೇಳಲು ಕಾರಣವಿದೆ. ಆಟದ ಅತಿ ದೊಡ್ಡ ದೋಷ ಲೆವೆಲ್‌ಗಳ ಏರಿಳಿತ. ಮಾರ್ಟಿಯ ಗೆಂಗಾರ್ ಲೆವೆಲ್ 25. ಆಮೇಲಿನ ಮೂರು ಜಿಮ್‌ಗಳನ್ನು ಯಾವ ಕ್ರಮದಲ್ಲಾದರೂ ಆಡಲು ಬಿಟ್ಟಿರುವುದರಿಂದ ಮೂರೂ ಕಡೆ ಲೆವೆಲ್ 30ರ ಆಸುಪಾಸಿನಲ್ಲೇ ನಿಲ್ಲಿಸಿದ್ದಾರೆ. ಸ್ವಾತಂತ್ರ್ಯಕ್ಕೆ ಕೊಟ್ಟ ಬೆಲೆ ಇದು. ಆಮೇಲೆ ಏಕಾಏಕಿ ಕ್ಲೇರ್‌ಳ ಕಿಂಗ್ಡ್ರಾ 41, ಲ್ಯಾನ್ಸ್‌ನ ಡ್ರಾಗನೈಟ್ 50. ಈ ನಡುವೆ ಹುಲ್ಲಿನಲ್ಲಿ, ಗುಹೆಯಲ್ಲಿ ಸಿಗುವ ಕಾಡು ಪೋಕೆಮಾನ್‌ಗಳು ಮೂವತ್ತರ ಸುತ್ತಲೇ ಸುತ್ತುತ್ತವೆ. ಅವುಗಳನ್ನು ಹೊಡೆದು ಆರು ಜನರ ತಂಡ ಬೆಳೆಸುವುದೆಂದರೆ ಕೊಡದಲ್ಲಿ ಕೆರೆ ತುಂಬಿಸಿದಂತೆ. ಜೊಹ್ತೊ ಮುಗಿಸುವವರೆಗೆ ನಾಲ್ಕೇ ಮುಖ್ಯ ಪೋಕೆಮಾನ್ ಬೆಳೆಸಿ, ಉಳಿದ ಎರಡು ಜಾಗ ಎಚ್‌ಎಂ (ಸರ್ಫ್‌ನಂತೆ ದಾರಿ ಬಿಡಿಸುವ ಏಟು) ಹೊರುವವರಿಗೆ ಬಿಡುವುದು ವಾಸಿ. ಒಟ್ಟು 8 ಎಚ್‌ಎಂಗಳಿವೆ, ಒಮ್ಮೆ ಕಲಿಸಿದರೆ ಬ್ಲ್ಯಾಕ್‌ಥಾರ್ನ್‌ನಲ್ಲಿರುವ, ಏಟು ಮರೆಸುವವನ ಬಳಿ ಹೋಗುವವರೆಗೆ ಅಳಿಸಲಾಗದು. ವರ್ಲ್‌ಪೂಲ್‌ನಂತಹ ಚಿಲ್ಲರೆ ಏಟನ್ನು ಮುಖ್ಯ ಪೋಕೆಮಾನ್‌ಗೆ ಕಲಿಸಿ ಆಮೇಲೆ ಪೇಚಾಡಬೇಡಿ.

ಕಾಂಟೊದಲ್ಲಿ ಇದೇ ತೊಂದರೆ ಇನ್ನೂ ಹಿಗ್ಗುತ್ತದೆ. ಹಳೆಯ ಗೋಲ್ಡ್‌ನಲ್ಲಿ ಕೈಬಿಟ್ಟಿದ್ದ ವಿರಿಡಿಯನ್ ಕಾಡು, ಮ್ಯೂಟೂ ಇರುವ ಸೆರುಲಿಯನ್ ಗುಹೆ ಇಲ್ಲಿ ಮರಳಿ ಬಂದಿವೆ, ಅದು ಸಂತೋಷ. ಜಿಮ್ ನಾಯಕರೆಲ್ಲ ಐವತ್ತರ ಆಸುಪಾಸು, ಕೊನೆಯ ನಾಯಕ ಬ್ಲೂ ಬಳಿ ಪಿಜಿಯಾಟ್ ಲೆವೆಲ್ 60. ಅಲ್ಲಿಂದ ಸಿಲ್ವರ್ ಬೆಟ್ಟದ ತುದಿಯಲ್ಲಿ ಮಾತಿಲ್ಲದೆ ನಿಂತಿರುವ ಕೊನೆಯ ಎದುರಾಳಿ ರೆಡ್ ಬಳಿಗೆ ಹೋದರೆ ಪಿಕಾಚು ಲೆವೆಲ್ 88, ತಂಡದಲ್ಲಿ ಅತಿ ಕಡಿಮೆಯೇ 80. ಸಾಲದ್ದಕ್ಕೆ ಅಲ್ಲಿ ಆಲಿಕಲ್ಲು ಸುರಿಯುತ್ತಿರುತ್ತದೆ, ಹಿಮದ ಜಾತಿ ಬಿಟ್ಟು ಉಳಿದವರಿಗೆ ಪ್ರತಿ ಸರದಿಗೂ ಹದಿನಾರನೇ ಒಂದು ಪಾಲು ಜೀವ ಹೋಗುತ್ತದೆ. 60ರಿಂದ 88ರ ನಡುವಿನ ಆ ಕಂದಕ ದಾಟಲು ಆಟ ಕೊಡುವ ಸಾಧನ ಎರಡು. ಒಂದು, ಲೀಗನ್ನು ಮತ್ತೆ ಮತ್ತೆ ಆಡುವುದು. ಇನ್ನೊಂದು, ಜಿಮ್ ನಾಯಕರ ಫೋನ್ ನಂಬರ್ ಪಡೆದು ಸ್ಯಾಫ್ರನ್ ಊರಿನ ಕಾದಾಟದ ಗರಡಿಗೆ ಕರೆಸುವುದು. ಒಬ್ಬೊಬ್ಬರೂ ಕರೆ ಒಪ್ಪುವುದು ವಾರದ ಒಂದು ನಿಗದಿತ ದಿನ, ನಿಗದಿತ ಹೊತ್ತಿನಲ್ಲಿ. ನೋಡಿ, ಇಲ್ಲೂ ಗಡಿಯಾರವೇ. ದಿನಾ ಸ್ವಲ್ಪ ಆಡುವವರು ತಿಳಿಯದಂತೆಯೇ ಎಂಬತ್ತು ಮುಟ್ಟುತ್ತಾರೆ, ಒಂದೇ ಉಸಿರಿಗೆ ಓಡುವವರು ಇಲ್ಲಿಯೇ ಕೈಚೆಲ್ಲುತ್ತಾರೆ.

ಒಪ್ಪಲಾಗದ ಇನ್ನೊಂದು ಸಂಗತಿ: ಜೊಹ್ತೊದ್ದೇ ಎಂದು ಹೆಸರಾದ ಹೌಂಡೌರ್, ಮರ್ಕ್ರೊ, ಸ್ಲಗ್ಮಾ ಜೊಹ್ತೊದ ಮಾಮೂಲಿ ಹುಲ್ಲಿನಲ್ಲಿ ಸಿಗುವುದಿಲ್ಲ. ಕಾಂಟೊಗೆ ಹೋಗಬೇಕು, ಇಲ್ಲವೆ ಕೆಲವಕ್ಕೆ ಸಫಾರಿ ಜೋನ್‌ನಲ್ಲಿ ಸಾಮಾನು ಜೋಡಿಸಿ ದಿನಗಟ್ಟಲೆ ಕಾಯಬೇಕು. ಹತ್ತು ವರ್ಷಗಳ ನಂತರ ಮತ್ತೆ ಕಟ್ಟುವಾಗ ಈ ಹಳೆಯ ತಪ್ಪನ್ನು ಸರಿಪಡಿಸಬಹುದಿತ್ತು.

ಗೇಮ್ ಕಾರ್ನರ್‌ನಲ್ಲಿ ಜಪಾನಿನ ಹೊರಗಿನ ಪ್ರತಿಗಳಿಗೆ ಜೂಜಿನ ಯಂತ್ರ ತೆಗೆದು ವೋಲ್ಟಾರ್ಬ್ ಫ್ಲಿಪ್ ಇಟ್ಟಿದ್ದಾರೆ. ನಾಣ್ಯ ದುಡ್ಡಿಗೆ ಸಿಗದು, ಆಡಿಯೇ ಗಳಿಸಬೇಕು. ಐದು ಸಾಲು, ಐದು ಕಂಬದ ಚೀಟಿಗಳು. ಪ್ರತಿ ಸಾಲಿನ ಬದಿಗೆ ಅಂಕಿಗಳ ಮೊತ್ತ ಮತ್ತು ಬಾಂಬುಗಳ ಸಂಖ್ಯೆ ಬರೆದಿರುತ್ತದೆ. ಇವೆರಡನ್ನು ಕೂಡಿದಾಗ 5 ಬಂದರೆ ಆ ಸಾಲಿನಲ್ಲಿ ಬಾಂಬು ಮತ್ತು 1 ಬಿಟ್ಟು ಬೇರೇನಿಲ್ಲ, ಮುಟ್ಟಲೇಬೇಡಿ. 6 ಬಂದರೆ ಒಂದೇ ಒಂದು 2 ಅಡಗಿದೆ. ಬಾಂಬು ಸೊನ್ನೆ ಇದ್ದರೆ ಕಣ್ಣುಮುಚ್ಚಿ ಎಲ್ಲ ತೆರೆಯಿರಿ. ಗೊತ್ತಾದವರಿಗೆ ಇದು ಒಳ್ಳೆಯ ಲೆಕ್ಕದಾಟ. 10,000 ನಾಣ್ಯದ ಟಿಎಂಗಾಗಿ ಕೂತವರಿಗೆ ಶಿಕ್ಷೆ.

ಆಟದ ಜೊತೆ ಪೆಟ್ಟಿಗೆಯಲ್ಲಿ ಬಂದ ಪೋಕೆವಾಕರ್ ಹೆಜ್ಜೆ ಎಣಿಸುವ ಪುಟ್ಟ ಚೆಂಡು. ಒಂದು ಪೋಕೆಮಾನ್ ಅದರೊಳಗೆ ಕಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರೆ 20 ಹೆಜ್ಜೆಗೆ 1 ವಾಟ್. 10 ವಾಟ್ ಕೊಟ್ಟು ಕಾಡು ಪೋಕೆಮಾನ್ ಹುಡುಕಬಹುದು, 3 ವಾಟ್‌ಗೆ ವಸ್ತು ಹುಡುಕಬಹುದು. ಎಷ್ಟೇ ನಡೆದರೂ ಒಂದು ಸುತ್ತಿಗೆ ಒಂದೇ ಲೆವೆಲ್ ಏರುತ್ತದೆ, ಆದ್ದರಿಂದ ದಿನಕ್ಕೊಮ್ಮೆ ವಾಪಸು ಕರೆದು ಮತ್ತೆ ಕಳಿಸುವುದು ಲಾಭ. ಬ್ಯಾಟರಿ ಸಿಆರ್2032, ಮಾಮೂಲಿ ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವುದೇ. ಸಣ್ಣ ಸ್ಕ್ರೂಡ್ರೈವರ್‌ನಿಂದ ಹಿಂದಿನ ಮುಚ್ಚಳ ಬಿಚ್ಚುವ ಮೊದಲು ಒಳಗಿನ ಪೋಕೆಮಾನ್ ವಾಪಸು ಕರೆದುಕೊಳ್ಳಿ. ಪ್ಯಾಂಟಿನ ಜೊತೆ ಬಟ್ಟೆ ಒಗೆಯುವ ಮಷಿನ್‌ಗೆ ಹೋಗಿ ಸತ್ತ ಪೋಕೆವಾಕರ್‌ಗಳು ಕಡಿಮೆಯಿಲ್ಲ.

ಈಗ ಕೊಳ್ಳುವವರಿಗೆ. ಇದು ಡಿಜಿಟಲ್ ಅಂಗಡಿಯಲ್ಲಿ ಎಂದೂ ಬಂದಿಲ್ಲ, ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್ ಒಂದೇ ದಾರಿ. ನಿಂಟೆಂಡೊದ ವೈಫೈ ಸೇವೆ 2014ರ ಮೇ 20ಕ್ಕೆ ನಿಂತುಹೋದ್ದರಿಂದ ದೂರದವರೊಡನೆ ಅಧಿಕೃತವಾಗಿ ಬದಲಿಸಿಕೊಳ್ಳುವಂತಿಲ್ಲ. ಹಾರ್ಟ್‌ಗೋಲ್ಡ್‌ನಲ್ಲಿ ವಲ್ಪಿಕ್ಸ್, ಸ್ಕಾರ್ಮರಿ ಇಲ್ಲ, ಸೋಲ್‌ಸಿಲ್ವರ್‌ನಲ್ಲಿ ಗ್ರೋಲಿತ್, ಗ್ಲೈಗರ್ ಇಲ್ಲ. ಪಕ್ಕದಲ್ಲೇ ಇನ್ನೊಬ್ಬರು ಆಡದಿದ್ದರೆ ಪೋಕೆಡೆಕ್ಸ್ ತುಂಬುವ ಆಸೆ ಬಿಡಿ. 3ಡಿಎಸ್‌ನಲ್ಲಿ ಆಡುವವರು ಆಟ ತೆರೆಯುವಾಗ ಸ್ಟಾರ್ಟ್ ಅಥವಾ ಸೆಲೆಕ್ಟ್ ಒತ್ತಿಹಿಡಿದರೆ ಚಿತ್ರ ಚಿಕ್ಕದಾದರೂ ಮಸುಕಾಗುವುದಿಲ್ಲ.

ನಕಲಿಗಳು ಮಾರುಕಟ್ಟೆಯಲ್ಲಿ ತುಂಬಿವೆ. ಪೋಕೆವಾಕರ್ ಜೊತೆ ಮಾತಾಡುವ ಇನ್‌ಫ್ರಾರೆಡ್ ಕಾರ್ಟ್ರಿಡ್ಜ್‌ನಲ್ಲೇ ಇರುವುದರಿಂದ ಅಸಲಿಯ ಪ್ಲಾಸ್ಟಿಕ್ ಕಪ್ಪಗಿರುತ್ತದೆ, ಬೆಳಕಿಗೆ ಹಿಡಿದರೆ ಒಳಗಿಂದ ಕಡುಗೆಂಪು ಹೊಳೆಯುತ್ತದೆ. ಮಾಮೂಲಿ ಬೂದುಬಣ್ಣದ್ದು ಕೈಗಿಟ್ಟರೆ ಅಲ್ಲೇ ವಾಪಸು ಕೊಡಿ. ಅಮೆರಿಕದ ಪ್ರತಿಯ ಲೇಬಲ್ ಮೇಲೆ ಹಾರ್ಟ್‌ಗೋಲ್ಡ್‌ಗೆ ಐಪಿಕೆಇ, ಸೋಲ್‌ಸಿಲ್ವರ್‌ಗೆ ಐಪಿಜಿಇ ಎಂಬ ಅಕ್ಷರಗಳಿರಬೇಕು. ಆಮೇಲೆ ಆಟ ಹಾಕಿ ಸೇವ್ ಮಾಡಿ, ಡಿಎಸ್ ಆಫ್ ಮಾಡಿ ಮತ್ತೆ ತೆರೆಯಿರಿ, ಸೇವ್ ಉಳಿದಿದೆಯೇ ನೋಡಿ. ಮಾರುವವರ ಬಳಿ ಪೋಕೆವಾಕರ್ ಇದ್ದರೆ ಅದನ್ನು ಕಾರ್ಟ್ರಿಡ್ಜ್‌ನ ತುದಿಗೆ ನೇರವಾಗಿ, ಬೆರಳಗಲ ದೂರದಲ್ಲಿ ಹಿಡಿದು ಒಂದು ಪೋಕೆಮಾನ್ ಕಳಿಸಿ ವಾಪಸು ಕರೆಸಿ. ಅದು ಮರಳಿ ಬಾಕ್ಸಿಗೆ ಬಂದ ಮೇಲೆಯೇ ದುಡ್ಡು ಕೊಡಿ.