ಶಸ್ತ್ರಚಿಕಿತ್ಸೆ ಚೆನ್ನಾಗಿತ್ತು, ಹಿಂದಿನ ಮೆಟ್ಟಿಲಿಗೆ ಬೀಗವಿತ್ತು: ಮೈಸೂರಿನ ಒಂದು ನರ್ಸಿಂಗ್ ಹೋಮ್

ನಮ್ಮ ತಾಯಿಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಅವರನ್ನು ಮೈಸೂರಿನ ಒಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಸೇರಿಸಿ, ಶಸ್ತ್ರಚಿಕಿತ್ಸೆಯೂ ಸೇರಿ ಎಂಟು ದಿನ ಅಲ್ಲಿದ್ದೆವು. ಚಿಕಿತ್ಸೆಯ ಬಗ್ಗೆ ನನ್ನ ದೂರಿಲ್ಲ. ಮೂಳೆ ವೈದ್ಯರು ದಿನವೂ ತಪ್ಪದೆ ಬಂದು ನೋಡಿದರು, ಸಿಸ್ಟರ್‌ಗಳು ಎಷ್ಟು ಸಲ ಕರೆದರೂ ಬೇಸರಿಸಲಿಲ್ಲ, ಬಿಲ್ಲು ಮೊದಲು ಹೇಳಿದ ಅಂದಾಜಿನೊಳಗೇ ಇತ್ತು. ಆದರೂ ಇದನ್ನು ಬರೆಯಬೇಕೆನಿಸಿದ್ದು ಎರಡನೆಯ ರಾತ್ರಿ ನಾನು ಕಂಡ ಒಂದು ಬೀಗದಿಂದಾಗಿ.

ನಮ್ಮ ಕೊಠಡಿ ಮೂರನೆಯ ಮಹಡಿಯಲ್ಲಿತ್ತು. ಹಿಂದೆ ವಾಸದ ಮನೆಯಾಗಿದ್ದುದಕ್ಕೆ ಮಹಡಿಗಳನ್ನು ಏರಿಸಿ ಆಸ್ಪತ್ರೆ ಮಾಡಿರುವುದರಿಂದ ಮುಖ್ಯ ಮೆಟ್ಟಿಲು ಕಿರಿದಾಗಿದ್ದು, ತಿರುವಿನಲ್ಲಿ ಸ್ಟ್ರೆಚರ್ ಹೊರಳುವುದಿಲ್ಲ. ಇಳಿಜಾರು ದಾರಿ ಇಲ್ಲವೇ ಇಲ್ಲ. ಮಲಗಿದ ರೋಗಿಯನ್ನು ಸಾಗಿಸಲು ಇರುವುದು ಒಂದೇ ಲಿಫ್ಟ್. ಬಿಸಿನೀರು ತರಲೆಂದು ಹೊರಟವನು ಕಾರಿಡಾರಿನ ತುದಿಗೆ ಹೋದಾಗ, ‘ತುರ್ತು ನಿರ್ಗಮನ’ ಎಂಬ ಹಸಿರು ಫಲಕದ ಕೆಳಗಿನ ಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕಿರುವುದು ಕಂಡಿತು. ಬಾಗಿಲ ಗಾಜಿನಿಂದ ನೋಡಿದರೆ ಮೆಟ್ಟಿಲ ಮೇಲೆ ಹಳೆಯ ಫೋಮ್ ಹಾಸಿಗೆಗಳೂ ಡ್ರಿಪ್ ಬಾಟಲಿಗಳ ರಟ್ಟಿನ ಪೆಟ್ಟಿಗೆಗಳೂ ಸೊಂಟದೆತ್ತರಕ್ಕೆ ಪೇರಿಸಿದ್ದವು. ಹಣ ಕಟ್ಟದೆ ಹೋಗುವವರಿದ್ದಾರೆಂದು ರಾತ್ರಿ ಬೀಗ ಹಾಕುತ್ತಾರೆ, ಕೀಲಿ ಕೆಳಗೆ ಕಾವಲುಗಾರರ ಬಳಿ ಇರುತ್ತದೆ ಎಂದು ಸಿಸ್ಟರ್ ಹೇಳಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಆಮ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹೊತ್ತಿಕೊಂಡಾಗ, ಎಸಿ ಕೊಳವೆಗಳ ಮೂಲಕ ಮೇಲೇರಿದ ಹೊಗೆ ಗಾಜಿನಿಂದ ಮುಚ್ಚಿದ್ದ ವಾರ್ಡ್‌ಗಳಲ್ಲಿ ತುಂಬಿಕೊಂಡು ಸುಮಾರು 90 ಮಂದಿ ಸತ್ತರು. ಅವರಲ್ಲಿ ಬಹುತೇಕರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ. ನಮ್ಮ ಕೊಠಡಿಯ ಕಿಟಕಿಯೂ ಎಸಿಗಾಗಿ ಮುಚ್ಚಿದ ಗಾಜೇ ಆಗಿತ್ತು. ಹಗಲಿರುಳು ಓಡುವ ಎಸಿ, ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದ ಮೂರು ಯಂತ್ರಗಳು, ಜೊತೆಗೆ ಆಮ್ಲಜನಕದ ಕೊಳವೆ: ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಆದರೆ ಒಂದು ಕಿಡಿ ಬಿದ್ದರೆ ಹಾಸಿಗೆ, ಪರದೆಗಳು ಎಂದಿಗಿಂತ ಎಷ್ಟೋ ರಭಸದಿಂದ ಉರಿಯುವಂತೆ ಮಾಡುತ್ತದೆ.

ಬೆಂಕಿ ಆರಿಸುವ ಸಿಲಿಂಡರ್‌ಗಳು ಸರಿಯಾಗಿದ್ದವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಮುಳ್ಳು ಹಸಿರು ಭಾಗದಲ್ಲಿತ್ತು, ಮರುಭರ್ತಿಯ ಅವಧಿ ಮುಗಿದಿರಲಿಲ್ಲ.

ಆದರೆ ಕಾಲು ಊರಲಾಗದವರು ಮಲಗಿರುವ ಮಹಡಿಯಲ್ಲಿ ಆ ಸಿಲಿಂಡರ್ ಮೊದಲ ಕೆಲವು ಕ್ಷಣಗಳಿಗೆ ಮಾತ್ರ. ಆಮೇಲೆ ಬೇಕಾಗುವುದು ಹೊಗೆಯನ್ನು ತಡೆಯುವ ಬಾಗಿಲು. ರೋಗಿಗಳನ್ನು ಮೆಟ್ಟಿಲಿಳಿಸುವ ಮೊದಲು ಅದೇ ಮಹಡಿಯ ಇನ್ನೊಂದು ಭಾಗಕ್ಕೆ, ಬೆಂಕಿತಡೆ ಬಾಗಿಲಿನ ಆಚೆಗೆ, ಮಂಚದ ಸಮೇತ ತಳ್ಳಿಕೊಂಡು ಹೋಗಿ ಬಾಗಿಲು ಮುಚ್ಚಿದರೆ ಅಗ್ನಿಶಾಮಕ ದಳ ಬರುವವರೆಗೆ ಅವರು ಉಸಿರಾಡಬಲ್ಲರು. ಈ ಕಾರಿಡಾರಿನಲ್ಲಿ ಅಂಥ ಬಾಗಿಲೊಂದೂ ಇಲ್ಲ; ಒಂದು ತುದಿಯಲ್ಲಿ ಎದ್ದ ಹೊಗೆ ಇನ್ನೊಂದು ತುದಿಯ ಬೀಗದವರೆಗೂ ತಡೆಯಿಲ್ಲದೆ ಬರುತ್ತದೆ. ರಾತ್ರಿ ಪಾಳಿಯಲ್ಲಿ ಹನ್ನೆರಡು ರೋಗಿಗಳಿಗೆ ಒಬ್ಬರು ಸಿಸ್ಟರ್, ಒಬ್ಬರು ಆಯಾ. ತಾನು ಸೇರಿ ಒಂದೂವರೆ ವರ್ಷವಾದರೂ ಬೆಂಕಿಯ ಅಣಕು ಕಾರ್ಯಾಚರಣೆ ಒಮ್ಮೆಯೂ ನಡೆದಿಲ್ಲವೆಂದು ಆ ಸಿಸ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು. ತಪ್ಪು ಖಂಡಿತ ಅವರದಲ್ಲ.

ಮಾರನೆಯ ದಿನ ಮ್ಯಾನೇಜರ್ ಅವರನ್ನು ಕಂಡೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡು, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ಕಡತವನ್ನು ಮೇಜಿನ ಮೇಲಿಟ್ಟರು. ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ ಲಿಫ್ಟ್ ನಿಂತರೆ ಆ ಇಬ್ಬರು ಹೆಂಗಸರು ನಮ್ಮ ತಾಯಿಯವರನ್ನು ಹೇಗೆ ಹೊರಗೆ ತರುತ್ತಾರೆ ಎಂದು ಕೇಳಿದೆ. ‘ಫೈರ್ ಎಂಜಿನ್ ಬರುತ್ತದಲ್ಲ ಸರ್’ ಎಂದರು. 2020ರ ನವೆಂಬರ್‌ನಲ್ಲಿ ರಾಜಕೋಟೆಯ ಆಸ್ಪತ್ರೆಯೊಂದರಲ್ಲಿ ಐವರು ರೋಗಿಗಳು ಬೆಂಕಿಗೆ ಬಲಿಯಾದ ಮೇಲೆ ಸುಪ್ರೀಂ ಕೋರ್ಟು, ಪ್ರತಿ ಕೋವಿಡ್ ಆಸ್ಪತ್ರೆಯಲ್ಲೂ ಅಗ್ನಿ ಸುರಕ್ಷತೆಗೆ ಹೊಣೆಗಾರರಾದ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಆದೇಶಿಸಿತ್ತು. ಇಲ್ಲಿ ಅಂಥ ಹೊಣೆ ಹೊತ್ತವರು ಯಾರೆಂದು ಕೇಳಿದ್ದಕ್ಕೆ ಅವರು ಯಾರ ಹೆಸರನ್ನೂ ಹೇಳಲಿಲ್ಲ.

ಮೂಳೆಯ ಚಿಕಿತ್ಸೆಗೆ ಈ ಸ್ಥಳವನ್ನು ಹುಡುಕುತ್ತಿರುವವರು ವೈದ್ಯರನ್ನು ನಂಬಿ ಹೋಗಬಹುದು. ಆದರೆ ಕೊಠಡಿಯನ್ನು ನೆಲಮಹಡಿಯಲ್ಲೇ ಕೇಳಿ ಪಡೆಯಿರಿ, ಸಿಗದಿದ್ದರೆ ಸೇರುವ ಮೊದಲೇ ಹಿಂದಿನ ಬಾಗಿಲನ್ನು ನಿಮ್ಮ ಎದುರಿಗೆ ತೆರೆಸಿ ನೋಡಿರಿ. ಹೊಲಿಗೆ ಬಿಚ್ಚಿಸಲು ಹದಿನಾಲ್ಕನೆಯ ದಿನ ತಾಯಿಯವರನ್ನು ಕರೆದುಕೊಂಡು ಹೋದಾಗ ನಾನು ಮೂರನೆಯ ಮಹಡಿಗೆ ಹತ್ತಿ ನೋಡಿದೆ. ಮೆಟ್ಟಿಲ ಮೇಲಿದ್ದ ಹಾಸಿಗೆ, ಪೆಟ್ಟಿಗೆಗಳನ್ನು ತೆಗೆದಿದ್ದರು. ಸರಪಳಿಯನ್ನು ತೆಗೆದಿರಲಿಲ್ಲ; ಬಾಗಿಲ ಹಿಡಿಗೆ ಸುತ್ತಿ, ಬೀಗವನ್ನು ತೆರೆದು ನೇತುಹಾಕಿದ್ದರು, ರಾತ್ರಿಗೆ ಸಿದ್ಧವಾಗಿರಲೆಂದು.